ಫ್ಲೈಯಿಂಗ್ ಗೀಸ್ ಬ್ಲಾಕ್: ಮೊನೆ ಮುರಿಯದಂತೆ ಹೊಲಿಯುವುದು ಹೇಗೆ?

"ಮೊನೆ ಯಾಕೆ ಮುರಿದುಹೋಗುತ್ತದೆ?" ಕ್ವಿಲ್ಟಿಂಗ್ (ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆಯಂಥವನ್ನು ಹೊಲಿಯುವುದು) ಶುರು ಮಾಡಿದವರು ನನ್ನನ್ನು ಇದರಷ್ಟು ಸಲ ಬೇರೆ ಯಾವ ಪ್ರಶ್ನೆಯನ್ನೂ ಕೇಳಿಲ್ಲ. ಜೊತೆಗೆ ಫೋಟೊ ಕಳಿಸುತ್ತಾರೆ. ಬಣ್ಣ ಚೆನ್ನಾಗಿರುತ್ತದೆ, ಹೊಲಿಗೆ ನೆಟ್ಟಗಿರುತ್ತದೆ. ತ್ರಿಕೋನದ ತುದಿ ಮಾತ್ರ ಇಲಿ ಕಡಿದ ಹಾಗೆ ಮೊಂಡಾಗಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೊಸಬರಿಗಾಗಿ ಮೊದಲು ಎರಡು ಮಾತು. ಫ್ಲೈಯಿಂಗ್ ಗೀಸ್ ಅಂದರೆ ಹಾರುವ ಹೆಬ್ಬಾತುಗಳು. ಇದು ಅಮೆರಿಕದ ಹಳೆಯ ಪ್ಯಾಚ್‌ವರ್ಕ್ ವಿನ್ಯಾಸ. 19ನೇ ಶತಮಾನದ ಅಲ್ಲಿನ ಕ್ವಿಲ್ಟ್‌ಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಇದರ ಒಂದು ಬ್ಲಾಕ್, ಅಂದರೆ ಜೋಡಿಸಿ ಹೊಲಿದ ಒಂದು ಘಟಕ, ಹೀಗಿರುತ್ತದೆ: ಒಂದು ಆಯತ, ಅದರ ನಡುವೆ ದೊಡ್ಡ ತ್ರಿಕೋನ, ಮೇಲಿನ ಎರಡು ಮೂಲೆಗಳಲ್ಲಿ ಎರಡು ಚಿಕ್ಕ ತ್ರಿಕೋನ. ದೊಡ್ಡದು ಹೆಬ್ಬಾತು, ಚಿಕ್ಕವು ಆಕಾಶ. ಇಂಥ ಆಯತಗಳನ್ನು ಒಂದರ ಮೇಲೊಂದು ಜೋಡಿಸಿದರೆ ಹಕ್ಕಿಗಳು ಸಾಲಾಗಿ ಹಾರಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರಿಗೆ ಈ ಹೆಸರು ಯಾಕೆ ಬಂತು ಅಂತ ಬೇರೆ ಹೇಳಬೇಕಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಹೋಗುತ್ತಿದ್ದವರಿಗೆ ಈ ಬ್ಲಾಕ್ ದಾರಿ ತೋರಿಸುವ ಗುಟ್ಟಿನ ಗುರುತಾಗಿತ್ತು ಅನ್ನುವ ಕಥೆಯನ್ನೂ ನೀವು ಓದಿರಬಹುದು. ಕಥೆ ಚೆಂದ, ಆದರೆ ಆ ಕಾಲದ ಪುರಾವೆ ಸಿಕ್ಕಿಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ.

ಕೌದಿ ಹೊಲಿದು ಅಭ್ಯಾಸ ಇರುವವರು ಒಂದು ವ್ಯತ್ಯಾಸ ಗಮನಿಸಿ. ಕೌದಿಯಲ್ಲಿ ತಳಕ್ಕೆ ಹಳೆ ಸೀರೆ ಹಾಸಿ, ಅದರ ಮೇಲೆ ತುಂಡುಗಳನ್ನಿಟ್ಟು, ಅಂಚು ಮಡಚಿ, ಓಡುಹೊಲಿಗೆ ಹಾಕುತ್ತಾ ಹೋಗುತ್ತೇವೆ. ತುಂಡು ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಮೂಲೆಯಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುವ ಕೌದಿಗೆ ಕಣ್ಣಳತೆಯೇ ಸಾಕು. ಫ್ಲೈಯಿಂಗ್ ಗೀಸ್‌ನಲ್ಲಿ ತಳದ ಬಟ್ಟೆ ಇಲ್ಲ, ತುಂಡಿಗೆ ತುಂಡೇ ಆಧಾರ. ಹಾಗಾಗಿ ಇಂಚಿನ ಎಂಟನೇ ಒಂದು ಭಾಗ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ.

ಅಳತೆಯ ಲೆಕ್ಕ

ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಬ್ಬಾತಿನ ಅಗಲ ಯಾವಾಗಲೂ ಎತ್ತರದ ಎರಡರಷ್ಟು. ಎತ್ತರ 2 ಇಂಚು ಆದರೆ ಅಗಲ 4. ಇದು ಎಲ್ಲಾ ಹೊಲಿದು ಮುಗಿದ ಮೇಲೆ ಕಣ್ಣಿಗೆ ಕಾಣುವ ಅಳತೆ. ಇದನ್ನು 'ಸಿದ್ಧ ಅಳತೆ' ಅನ್ನೋಣ. ಪಕ್ಕದ ತುಂಡಿಗೆ ಸೇರಿಸುವ ಮುಂಚೆ ನಾಲ್ಕೂ ಬದಿಗೆ ಕಾಲಿಂಚು ಮಾರ್ಜಿನ್ (ಹೊಲಿಗೆಯ ಆಚೆ ಅಂಚಿನ ತನಕ ಬಿಡುವ ಬಟ್ಟೆ) ಇರಬೇಕು. ಅಂದರೆ ಕೈಯಲ್ಲಿರುವ ಬಿಡಿ ಬ್ಲಾಕ್ 2½ × 4½ ಇಂಚು. ಇದು 'ಬಿಡಿ ಅಳತೆ'.

ಇಲ್ಲೇ ಮೊನೆಯ ಗುಟ್ಟು ಇರುವುದು. ಬಿಡಿ ಬ್ಲಾಕಿನಲ್ಲಿ ಹೆಬ್ಬಾತಿನ ಮೊನೆ ಮೇಲಿನ ಅಂಚಿಗೆ ತಾಗಿರಬಾರದು. ಅಂಚಿನಿಂದ ಸರಿಯಾಗಿ ಕಾಲಿಂಚು ಕೆಳಗೆ ಇರಬೇಕು. ಮೊನೆಯ ಮೇಲೆ ಕಾಣುವ ಆ ಖಾಲಿ ಪಟ್ಟಿಯೇ ಮುಂದಿನ ಹೊಲಿಗೆಯ ಮಾರ್ಜಿನ್. ಜಾಸ್ತಿ ಬಟ್ಟೆ ಉಳಿದಿದೆ ಅಂದುಕೊಂಡು ಅದನ್ನು ಕತ್ತರಿಸಿ ಬಿಸಾಡಿದರೆ ಮೊನೆಯನ್ನೇ ಬಿಸಾಡಿದಂತೆ. ನನಗೆ ಬರುವ ಫೋಟೊಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಏನೇನು ಬೇಕು?

ಬಟ್ಟೆ: ಶುದ್ಧ ಹತ್ತಿ ಬಟ್ಟೆ. ಪಾಪ್ಲಿನ್ ಅಥವಾ ಲಂಗಕ್ಕೆ, ಕುರ್ತಾಕ್ಕೆ ತರುವ ಬಿಗಿ ನೇಯ್ಗೆಯ ಕಾಟನ್ ಸಾಕು. ರೇಯಾನ್, ಜಾರ್ಜೆಟ್ ಬೇಡ, ಕೈಯಿಂದ ಜಾರುತ್ತವೆ. ಗುಳೇದಗುಡ್ಡದ ಖಣ ನೋಡಲು ಚೆಂದ, ಆದರೆ ಕತ್ತರಿಸಿದ ಅಂಚು ಬೇಗ ಎಳೆ ಬಿಟ್ಟುಕೊಳ್ಳುತ್ತದೆ. ಮೊದಲ ಪ್ರಯತ್ನಕ್ಕೆ ಅದನ್ನು ಮುಟ್ಟಬೇಡಿ. ಹಳೆ ಸೀರೆಯೂ ಆಗುತ್ತದೆ, ಆದರೆ ತೆಳು ಸೀರೆಯ ಜೊತೆ ದಪ್ಪ ಪಾಪ್ಲಿನ್ ಸೇರಿಸಿದರೆ ತೆಳುವಾದದ್ದು ಸುಕ್ಕುಗಟ್ಟುತ್ತದೆ.

ಇಲ್ಲಿ ಉದಾಹರಣೆಗೆ 16 ಇಂಚಿನ ಒಂದು ಕುಶನ್ ಕವರ್ ತೆಗೆದುಕೊಂಡಿದ್ದೇನೆ. ಒಂದು ಸಾಲಿನಲ್ಲಿ 8 ಹೆಬ್ಬಾತು, ಅಂಥ 4 ಸಾಲು, ಒಟ್ಟು 32. ಹೆಬ್ಬಾತಿಗೆ ಗಾಢ ಬಣ್ಣ ಅರ್ಧ ಮೀಟರ್, ಆಕಾಶಕ್ಕೆ ತಿಳಿ ಬಣ್ಣ ಅರ್ಧ ಮೀಟರ್. ಪನ್ನಾ (ಬಟ್ಟೆಯ ಅಗಲ) 36 ಇಂಚು ಇದ್ದರೂ ಸಾಕಾಗುತ್ತದೆ.

ಕತ್ತರಿಸಲು: ರೋಟರಿ ಕಟರ್ (ಪಿಜ್ಜಾ ಕತ್ತರಿಸುವ ಚಕ್ರದಂಥ ಬ್ಲೇಡು), ಅದಕ್ಕೆ ತಕ್ಕ ಮ್ಯಾಟ್, ಇಂಚಿನ ಎಂಟನೇ ಭಾಗದ ಗೆರೆ ಮತ್ತು 45 ಡಿಗ್ರಿ ಓರೆ ಗೆರೆ ಇರುವ ಪಾರದರ್ಶಕ ಸ್ಕೇಲ್. ಕಟರ್ ಕೆಳಗಿಡುವಾಗ ಪ್ರತಿ ಸಲವೂ ಬ್ಲೇಡ್ ಮುಚ್ಚಿ. 'ಈಗಲೇ ಮತ್ತೆ ಬೇಕಲ್ಲ' ಅಂತ ತೆರೆದಿಟ್ಟ ದಿನವೇ ಬೆರಳು ಕೊಯ್ಯುವುದು. ಕಟರ್ ಇಲ್ಲದವರು ದಪ್ಪ ರಟ್ಟಿನಲ್ಲಿ ಚೌಕ ಕತ್ತರಿಸಿಕೊಂಡು, ಸುತ್ತ ಪೆನ್ಸಿಲ್ ಎಳೆದು, ಕತ್ತರಿಯಲ್ಲಿ ಕತ್ತರಿಸಬಹುದು. ಟೈಲರ್ ಟೇಪಿನಲ್ಲಿ ಮಾತ್ರ ಅಳೆಯಬೇಡಿ. ಹಳೆಯ ಟೇಪು ಜಗ್ಗಿಹೋಗಿರುತ್ತದೆ.

ಹೊಲಿಯಲು: ನೇರ ಹೊಲಿಗೆ ಹಾಕುವ ಯಾವ ಮೆಷಿನ್ ಆದರೂ ಸರಿ, ಕಾಲಲ್ಲಿ ತುಳಿಯುವ ಹಳೆ ಕಪ್ಪು ಮೆಷಿನ್ ಕೂಡ. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಅದೇ ಮೇಲು. ಅದರ ಪ್ಲೇಟಿನಲ್ಲಿ ಸೂಜಿಯ ತೂತು ಚಿಕ್ಕದು, ತ್ರಿಕೋನದ ಮೂಲೆಗಳನ್ನು ನುಂಗುವುದಿಲ್ಲ. ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್ ಇರಲಿ. ಗುಂಡುಪಿನ್, ಪೆನ್ಸಿಲ್, ಹೊಲಿಗೆ ಬಿಚ್ಚುವ ರಿಪ್ಪರ್, ಇಸ್ತ್ರಿಪೆಟ್ಟಿಗೆ. ಇಷ್ಟೇ.

ಹಂತ 1: ಕಾಲಿಂಚು ನಿಜವಾಗಿ ಕಾಲಿಂಚೇ?

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ. ಮೆಷಿನ್ನಿಗೆ 'ಕಾಲಿಂಚಿನ ಫೂಟ್' (ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಅಂತ ಹೇಳಿ ಕೊಟ್ಟಿದ್ದನ್ನು ನಂಬಿ 32 ಬ್ಲಾಕ್ ಹೊಲಿದೆ, ಅದರಲ್ಲಿ 12ಕ್ಕೆ ಮೊನೆ ಇರಲಿಲ್ಲ. ಅಳೆದು ನೋಡಿದರೆ ಆ ಫೂಟು ಕಾಲಿಂಚಿಗಿಂತ ದಪ್ಪ.

ಪರೀಕ್ಷೆ ಹೀಗೆ ಮಾಡಿ. 1½ ಇಂಚು ಅಗಲ, 4 ಇಂಚು ಉದ್ದದ ಮೂರು ಪಟ್ಟಿ ಕತ್ತರಿಸಿ. ಮೂರನ್ನೂ ಉದ್ದುದ್ದಕ್ಕೆ ಪಕ್ಕಪಕ್ಕ ಸೇರಿಸಿ ಹೊಲಿದು ಇಸ್ತ್ರಿ ಒತ್ತಿ. ಈಗ ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರಬೇಕು, ಮೂರೂ ಸೇರಿ 3½. ನಡುವಿನದು 1 ಇಂಚಿಗಿಂತ ಕಡಿಮೆ ಬಂದರೆ ನಿಮ್ಮ ಮಾರ್ಜಿನ್ ದಪ್ಪವಾಗಿದೆ. ಜಾಸ್ತಿ ಬಂದರೆ ತೆಳುವಾಗಿದೆ.

ಹೆಚ್ಚಿನವರಿಗೆ ಕಡಿಮೆಯೇ ಬರುತ್ತದೆ. ಕಾರಣ, ಬಟ್ಟೆ ಹೊಲಿಗೆಯ ಮೇಲೆ ಮಡಚಿಕೊಳ್ಳುವಾಗ ಒಂದೆರಡು ಎಳೆಯಷ್ಟು ಜಾಗ ತಿನ್ನುತ್ತದೆ. ಹಾಗಾಗಿ ಕಾಲಿಂಚಿಗಿಂತ ಒಂದೆಳೆ ಕಡಿಮೆ ಹಿಡಿದು ಹೊಲಿಯುವುದು ರೂಢಿ. ಇಂಗ್ಲಿಷ್ ಪ್ಯಾಟರ್ನ್‌ಗಳಲ್ಲಿ 'ಸ್ಕ್ಯಾಂಟ್ ಕ್ವಾರ್ಟರ್ ಇಂಚ್' ಅಂತ ಬರುವುದು ಇದೇ.

ಮೆಷಿನ್‌ಗೆ ಗುರುತು ಮಾಡುವ ಸುಲಭ ದಾರಿ ಹೇಳುತ್ತೇನೆ. ಸ್ಕೇಲನ್ನು ಫೂಟಿನ ಕೆಳಗೆ ಇಡಿ. ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ ಸೂಜಿಯ ತುದಿ ಕಾಲಿಂಚಿನ ಗೆರೆಗೆ ಎಡಗಡೆಯಿಂದ ತಾಗುವಂತೆ ಮಾಡಿ, ಆಮೇಲೆ ಸ್ಕೇಲನ್ನು ಒಂದೆಳೆಯಷ್ಟು ಎಡಕ್ಕೆ ಸರಿಸಿ. ಸ್ಕೇಲಿನ ಬಲ ಅಂಚಿಗೆ ಒರಗುವಂತೆ ಪ್ಲೇಟಿನ ಮೇಲೆ ಮಾಸ್ಕಿಂಗ್ ಟೇಪನ್ನು ಐದಾರು ಪದರ ಅಂಟಿಸಿ. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಒಂದು ಪಟ್ಟಿ ಕತ್ತರಿಸಿ ಅಂಟಿಸಿದರೆ ಇನ್ನೂ ಗಟ್ಟಿ. ಬಟ್ಟೆಯ ಅಂಚು ಆ ಗೋಡೆಗೆ ಒರಗಿಕೊಂಡು ಹೋದರೆ ಸಾಕು. ಬಟ್ಟೆ ಎಳೆಯುವ ಹಲ್ಲುಗಳ ಮೇಲೆ ಟೇಪ್ ಬರದಂತೆ ನೋಡಿಕೊಳ್ಳಿ. ಮತ್ತೆ ಮೂರು ಪಟ್ಟಿ ಹೊಲಿದು ಅಳೆಯಿರಿ. ಸರಿ ಬರುವ ತನಕ ಮುಂದೆ ಹೋಗಬೇಡಿ.

ಹಂತ 2: ಒಗೆದು, ಗಂಜಿ ಹಾಕಿ

ಬಟ್ಟೆಯನ್ನು ಕತ್ತರಿಸುವ ಮುಂಚೆಯೇ ಒಗೆಯಿರಿ. ಹತ್ತಿ ಕುಗ್ಗುತ್ತದೆ, ಗಾಢ ಬಣ್ಣ ಬಿಡುತ್ತದೆ. ಕೆಂಪು, ನೀಲಿ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರದಲ್ಲಿ ಒತ್ತಿ ನೋಡಿ. ಕಲೆ ಬಿದ್ದರೆ ಇನ್ನೆರಡು ಸಲ ಒಗೆಯಿರಿ. ಆಗಲೂ ಬಿಟ್ಟರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ.

ಆಮೇಲೆ ಗಂಜಿ. ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಅಂತ ಎರಡು ದಿಕ್ಕಿನ ನೂಲು ಇರುತ್ತದಲ್ಲ, ಅವುಗಳ ನೇರಕ್ಕೆ ಎಳೆದರೆ ಬಟ್ಟೆ ಅಷ್ಟಾಗಿ ಜಗ್ಗುವುದಿಲ್ಲ. ಓರೆಯಾಗಿ, ಅಂದರೆ ಟೈಲರ್‌ಗಳು 'ಕ್ರಾಸ್' ಅನ್ನುವ ದಿಕ್ಕಿನಲ್ಲಿ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಹೆಬ್ಬಾತಿನ ಎರಡೂ ಓರೆ ಬದಿ ಕ್ರಾಸ್ ಮೇಲೆಯೇ ಬರುತ್ತವೆ. ತಪ್ಪಿಸಲು ಆಗುವುದಿಲ್ಲ. ಗಂಜಿ ಹಾಕಿದ ಬಟ್ಟೆ ಕಾಗದದಂತೆ ನಿಲ್ಲುವುದರಿಂದ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಅನ್ನ ಬಸಿದ ಗಂಜಿಯನ್ನು ನೀರು ಬೆರೆಸಿ, ಸೋಸಿ, ತೆಳುವಾಗಿ ಹಾಕಿ. ಗಾಢ ಬಟ್ಟೆಯಾದರೆ ಉಲ್ಟಾ ಮೈಗೆ ಮಾತ್ರ ಸವರಿ, ಇಲ್ಲದಿದ್ದರೆ ಬಿಳಿ ಕಲೆ ನಿಲ್ಲುತ್ತದೆ. ಅಂಗಡಿಯ ಸ್ಟಾರ್ಚ್ ಸ್ಪ್ರೇ ಕೂಡ ಆಗುತ್ತದೆ. ಕುಶನ್ ಮುಗಿದ ಮೇಲೆ ಒಂದು ಸಲ ಒಗೆದುಬಿಡಿ, ಗಂಜಿ ಇದ್ದರೆ ಜಿರಳೆಗೆ ಹಬ್ಬ.

ಹಂತ 3: ಕತ್ತರಿಸುವುದು

ಫ್ಲೈಯಿಂಗ್ ಗೀಸ್ ಹೊಲಿಯಲು ನಾಲ್ಕೈದು ವಿಧಾನ ಇವೆ. ನಾನು ಹೆಚ್ಚು ಬಳಸುವುದು ಒಂದೇ ಸಲಕ್ಕೆ ನಾಲ್ಕು ಹೆಬ್ಬಾತು ಬರುವ ವಿಧಾನ. ತ್ರಿಕೋನ ಕತ್ತರಿಸುವ ಗೋಜಿಲ್ಲ, ಬರೀ ಚೌಕಗಳು. ಕ್ರಾಸ್ ಅಂಚು ಹೊಲಿದ ಮೇಲಷ್ಟೇ ಹೊರಗೆ ಬರುವುದರಿಂದ ಜಗ್ಗಲು ಅವಕಾಶವೇ ಕಡಿಮೆ. ಬಟ್ಟೆಯೂ ಹಾಳಾಗುವುದಿಲ್ಲ.

ನಾಲ್ಕು ಹೆಬ್ಬಾತಿಗೆ ಒಂದು ದೊಡ್ಡ ಚೌಕ, ನಾಲ್ಕು ಚಿಕ್ಕ ಚೌಕ. ಪುಸ್ತಕದ ಲೆಕ್ಕ ಹೀಗಿದೆ: ದೊಡ್ಡ ಚೌಕ = ಸಿದ್ಧ ಅಗಲ + 1¼ ಇಂಚು, ಚಿಕ್ಕ ಚೌಕ = ಸಿದ್ಧ ಎತ್ತರ + ⅞ ಇಂಚು. 2 × 4ರ ಹೆಬ್ಬಾತಿಗೆ 5¼ ಮತ್ತು 2⅞. ಈ ಅಳತೆ ತಪ್ಪಲ್ಲ, ಆದರೆ ಕೈ ಒಂದು ಕೂದಲೆಳೆ ತಪ್ಪಿದರೂ ಸರಿಪಡಿಸಿಕೊಳ್ಳಲು ಬಟ್ಟೆ ಉಳಿಯುವುದಿಲ್ಲ. ಅದಕ್ಕೇ ನಾನು 1¼ ಬದಲು 1½, ⅞ ಬದಲು 1 ಇಂಚು ಸೇರಿಸುತ್ತೇನೆ. ಬ್ಲಾಕ್ ಸ್ವಲ್ಪ ದೊಡ್ಡದಾಗಿ ಬರುತ್ತದೆ, ಆಮೇಲೆ ಸರಿಯಾದ ಅಳತೆಗೆ ಕತ್ತರಿಸಿಕೊಳ್ಳುತ್ತೇನೆ. ಸ್ಕೇಲಿನಲ್ಲಿ ⅞ ಹುಡುಕುವ ತಲೆನೋವೂ ತಪ್ಪುತ್ತದೆ.

ನಮ್ಮ ಕುಶನ್‌ಗೆ: ಗಾಢ ಬಟ್ಟೆಯಲ್ಲಿ 5½ ಇಂಚಿನ 8 ಚೌಕ. ತಿಳಿ ಬಟ್ಟೆಯಲ್ಲಿ 3 ಇಂಚಿನ 32 ಚೌಕ.

ಬೇರೆ ಅಳತೆ ಬೇಕಾದರೆ, 1½ × 3ರ ಹೆಬ್ಬಾತಿಗೆ 4½ ಮತ್ತು 2½ ಇಂಚಿನ ಚೌಕ. 3 × 6ಕ್ಕೆ 7½ ಮತ್ತು 4. ಬಟ್ಟೆಯ ಕರೆ, ಅಂದರೆ ಬಿಗಿಯಾಗಿ ನೇಯ್ದ ಅಂಚನ್ನು ಮೊದಲೇ ಕತ್ತರಿಸಿ ತೆಗೆದುಬಿಡಿ. ಚೌಕದ ಬದಿಗಳು ನೂಲಿನ ನೇರಕ್ಕೇ ಇರಲಿ.

ಒಂದು ಎಚ್ಚರಿಕೆ. 32 ಹೆಬ್ಬಾತಿಗೆ ಬೇಕಾದದ್ದನ್ನೆಲ್ಲ ಒಂದೇ ಸಲ ಕತ್ತರಿಸಬೇಡಿ. ಮೊದಲು ಒಂದು ದೊಡ್ಡದು, ನಾಲ್ಕು ಚಿಕ್ಕದು ಮಾತ್ರ ಕತ್ತರಿಸಿ, ಹಂತ 6ರ ತನಕ ಹೋಗಿ, ಅಳತೆ ಸರಿ ಬಂತಾ ನೋಡಿ. ಆಮೇಲೆ ಉಳಿದದ್ದು.

ಹಂತ 4: ಮೊದಲ ಎರಡು ಚಿಕ್ಕ ಚೌಕ

ನಾಲ್ಕೂ ಚಿಕ್ಕ ಚೌಕಗಳ ಉಲ್ಟಾ ಮೈಯಲ್ಲಿ ಮೂಲೆಯಿಂದ ಎದುರು ಮೂಲೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಬಾಲ್ ಪೆನ್ ಬೇಡ, ತಿಳಿ ಬಟ್ಟೆಯಲ್ಲಿ ಶಾಯಿ ಹೊರಗೆ ಕಾಣುತ್ತದೆ.

ದೊಡ್ಡ ಚೌಕವನ್ನು ಸೀದಾ ಮೈ ಮೇಲೆ ಬರುವಂತೆ ಮೇಜಿನ ಮೇಲೆ ಹಾಸಿ. ಅದರ ಎದುರುಬದುರು ಮೂಲೆಗಳಲ್ಲಿ ಒಂದೊಂದು ಚಿಕ್ಕ ಚೌಕ ಇಡಿ, ಸೀದಾಕ್ಕೆ ಸೀದಾ ತಾಗಬೇಕು. ಮೂಲೆಗೆ ಮೂಲೆ ಕೂರಲಿ. ಎರಡೂ ಚಿಕ್ಕ ಚೌಕಗಳು ನಡುವೆ ಅರ್ಧ ಇಂಚಿನಷ್ಟು ಒಂದರ ಮೇಲೊಂದು ಬರುತ್ತವೆ. ಗಾಬರಿಯಾಗಬೇಡಿ, ಹಾಗೇ ಬರಬೇಕು. ಎರಡರ ಪೆನ್ಸಿಲ್ ಗೆರೆಗಳೂ ಸೇರಿ ದೊಡ್ಡ ಚೌಕದ ಮೂಲೆಯಿಂದ ಮೂಲೆಗೆ ಒಂದೇ ಉದ್ದ ಗೆರೆ ಆಗಬೇಕು. ಆಗದಿದ್ದರೆ ಒಂದು ಚೌಕ ಅಡ್ಡ ತಿರುಗಿದೆ ಅಂತ ಅರ್ಥ.

ಪಿನ್ ಹಾಕಿ. ಗೆರೆಯ ಮೇಲೆ ಹೊಲಿಯಬೇಡಿ. ಗೆರೆಯ ಒಂದು ಬದಿಗೆ ಕಾಲಿಂಚು ಬಿಟ್ಟು ಒಂದು ಹೊಲಿಗೆ, ತಿರುಗಿಸಿ ಇನ್ನೊಂದು ಬದಿಗೆ ಕಾಲಿಂಚು ಬಿಟ್ಟು ಇನ್ನೊಂದು ಹೊಲಿಗೆ. ಈಗ ಗೆರೆಯ ಮೇಲೆಯೇ ಕತ್ತರಿಸಿ. ಎರಡು ತುಂಡು ಸಿಗುತ್ತವೆ. ಚಿಕ್ಕ ತ್ರಿಕೋನಗಳನ್ನು ಹೊರಗೆ ಮಗುಚಿ ಇಸ್ತ್ರಿ ಒತ್ತಿದರೆ ಪ್ರತಿ ತುಂಡೂ ಹೃದಯದ ಆಕಾರಕ್ಕೆ ಬರುತ್ತದೆ. ನನ್ನ ಕಣ್ಣಿಗೆ ಅದು ಎರಡು ಕಿವಿ ನಿಮಿರಿಸಿದ ಬೆಕ್ಕು.

ಇಸ್ತ್ರಿ ವಿಷಯದಲ್ಲಿ ಒಂದು ಮಾತು. ಒತ್ತುವುದು ಬೇರೆ, ಉಜ್ಜುವುದು ಬೇರೆ. ಪಂಚೆಗೆ ಇಸ್ತ್ರಿ ಹಾಕಿದಂತೆ ಹಿಂದೆ ಮುಂದೆ ಎಳೆದರೆ ಕ್ರಾಸ್ ಅಂಚು ಹಿಗ್ಗಿ, ಬ್ಲಾಕ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಪೆಟ್ಟಿಗೆಯನ್ನು ಎತ್ತಿ ಇಡಿ, ಎತ್ತಿ ಇಡಿ. ಮಾರ್ಜಿನ್ ಆಕಾಶದ ಕಡೆಗೆ, ಅಂದರೆ ಚಿಕ್ಕ ತ್ರಿಕೋನದ ಕೆಳಗೆ ಮಲಗಲಿ. ಆಕಾಶದ ಬಟ್ಟೆ ತೀರಾ ತೆಳುವಾಗಿದ್ದು ಒಳಗಿನ ಗಾಢ ಬಣ್ಣ ಕಾಣುತ್ತಿದ್ದರೆ ಗಾಢ ಬಟ್ಟೆಯ ಅಂಚನ್ನು ಒಂದೆರಡು ಎಳೆಯಷ್ಟು ಕತ್ತರಿಸಿಕೊಳ್ಳಿ.

ಹಂತ 5: ಉಳಿದ ಎರಡು ಚೌಕ

ಬೆಕ್ಕನ್ನು ಸೀದಾ ಮೈ ಮೇಲೆ ಬರುವಂತೆ ಇಡಿ. ಕಿವಿಗಳಿಗೆ ಎದುರಾಗಿ, ಗಲ್ಲದ ಜಾಗದಲ್ಲಿ ದೊಡ್ಡ ತ್ರಿಕೋನದ ಒಂದು ಮೂಲೆ ಇರುತ್ತದೆ. ಅಲ್ಲಿ ಮೂರನೆಯ ಚಿಕ್ಕ ಚೌಕವನ್ನು ಸೀದಾಕ್ಕೆ ಸೀದಾ ತಾಗಿಸಿ ಕೂರಿಸಿ. ಪೆನ್ಸಿಲ್ ಗೆರೆ ಗಲ್ಲದಿಂದ ಹೊರಟು ಎರಡು ಕಿವಿಗಳ ನಡುವೆ ಹೋಗಬೇಕು. ಗೆರೆ ಅಡ್ಡಡ್ಡ ಇದ್ದರೆ ಚೌಕವನ್ನು ಕಾಲು ಸುತ್ತು ತಿರುಗಿಸಿ. ರಾತ್ರಿ ಹತ್ತರ ಮೇಲೆ ಹೊಲಿಯುವವರು ತಪ್ಪುವುದು ಇಲ್ಲೇ.

ಮತ್ತೆ ಅದೇ ಕೆಲಸ. ಗೆರೆಯ ಎರಡೂ ಬದಿಗೆ ಕಾಲಿಂಚು ಬಿಟ್ಟು ಹೊಲಿಯಿರಿ, ಗೆರೆಯ ಮೇಲೆ ಕತ್ತರಿಸಿ, ಮಗುಚಿ, ಒತ್ತಿ. ಒಂದು ಬೆಕ್ಕಿನಿಂದ ಎರಡು ಹೆಬ್ಬಾತು. ಇನ್ನೊಂದರಿಂದ ಇನ್ನೆರಡು.

ಹೊಲಿಗೆ ಶುರು ಮಾಡುವಾಗ ಮೆಷಿನ್ ಚೂಪು ಮೂಲೆಯನ್ನು ಒಳಗೆ ಎಳೆದುಕೊಂಡು ಗಂಟು ಹಾಕಿದರೆ, ಮೊದಲು ಒಂದು ಚಿಂದಿ ಬಟ್ಟೆಯ ಮೇಲೆ ನಾಲ್ಕು ಹೊಲಿಗೆ ಹಾಕಿ, ದಾರ ಕತ್ತರಿಸದೆ ಹಾಗೇ ಬ್ಲಾಕಿನ ಮೇಲೆ ಹೋಗಿ.

ಹಂತ 6: ಅಳತೆಗೆ ತರುವುದು

ಇದು ಬೇಸರದ ಕೆಲಸ. ಆದರೆ ಮೊನೆ ಉಳಿಯುವುದೋ ಹೋಗುವುದೋ ಇಲ್ಲೇ ತೀರ್ಮಾನ ಆಗುತ್ತದೆ. ನಿಧಾನವಾಗಿ ಓದಿ. (ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಿ.)

ಬ್ಲಾಕನ್ನು ಮೊನೆ ಮೇಲೆ ಬರುವಂತೆ ಮ್ಯಾಟಿನ ಮೇಲೆ ಇಡಿ. ಸ್ಕೇಲನ್ನು ಅದರ ಮೇಲಿಟ್ಟು ಮೂರು ಗುರುತು ನೋಡಿ. ಒಂದು, ಹೆಬ್ಬಾತಿನ ಮೊನೆ ಸ್ಕೇಲಿನ ಮೇಲಂಚಿನಿಂದ ¼ ಇಂಚು ಕೆಳಗೆ ಇರಬೇಕು. ಎರಡು, ಅದೇ ಮೊನೆ ಸ್ಕೇಲಿನ ಬಲ ಅಂಚಿನಿಂದ 2¼ ಇಂಚು ಎಡಕ್ಕೆ ಇರಬೇಕು. ಮೂರು, ಸ್ಕೇಲಿನ 45 ಡಿಗ್ರಿ ಗೆರೆ ಹೆಬ್ಬಾತಿನ ಓರೆ ಹೊಲಿಗೆಗೆ ಸಮವಾಗಿ ಹೋಗಬೇಕು. ಮೂರೂ ಕೂಡಿದ ಮೇಲೆ ಸ್ಕೇಲನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಬಲ ಬದಿ ಮತ್ತು ಮೇಲಿನ ಬದಿ ಕತ್ತರಿಸಿ.

ಈಗ ಬ್ಲಾಕನ್ನು ಪೂರ್ತಿ ಅರ್ಧ ಸುತ್ತು ತಿರುಗಿಸಿ. ಮೊನೆ ನಿಮ್ಮ ಕಡೆಗೆ ಬರುತ್ತದೆ. ಕತ್ತರಿಸಿದ ಎರಡು ಬದಿಗಳು ಎಡಕ್ಕೂ ಕೆಳಕ್ಕೂ ಬಂದಿರುತ್ತವೆ. ಎಡ ಬದಿಯ ಮೇಲೆ ಸ್ಕೇಲಿನ 4½ರ ಗೆರೆ, ಕೆಳ ಬದಿಯ ಮೇಲೆ 2½ರ ಗೆರೆ ಕೂರಿಸಿ. ಉಳಿದ ಎರಡು ಬದಿ ಕತ್ತರಿಸಿ.

ಸರಿ ಬಂದಿದೆಯೋ ಇಲ್ಲವೋ ತಿಳಿಯಲು ಬ್ಲಾಕಿನ ಬುಡದ ಎರಡು ಮೂಲೆ ನೋಡಿ. ಓರೆ ಹೊಲಿಗೆ ನೇರವಾಗಿ ಮೂಲೆಯೊಳಕ್ಕೇ ಹೋಗಿ ಮುಗಿಯಬೇಕು. ಮೂಲೆಗೆ ಮುಂಚೆಯೇ ಪಕ್ಕದ ಅಂಚಿಗೆ ಬಂದು ಸೇರಿದರೆ ಸ್ಕೇಲ್ ಜಾರಿದೆ. ಒಂದೆಳೆ ವ್ಯತ್ಯಾಸವಾದರೆ ಬಿಟ್ಟುಬಿಡಿ. ಅದಕ್ಕಿಂತ ಜಾಸ್ತಿ ಆದರೆ ಆ ಹೆಬ್ಬಾತನ್ನು ಪಕ್ಕಕ್ಕಿಡಿ.

ಹಂತ 7: ಸಾಲು ಜೋಡಿಸುವುದು

ಎರಡು ಹೆಬ್ಬಾತು ತೆಗೆದುಕೊಳ್ಳಿ. ಕೆಳಗಿನದರ ಮೊನೆ, ಮೇಲಿನದರ ಬುಡಕ್ಕೆ ತಾಗಬೇಕು. ಸೀದಾಕ್ಕೆ ಸೀದಾ ಇಟ್ಟು ಪಿನ್ ಹಾಕಿ. ಆದರೆ ಹೊಲಿಯುವಾಗ ಮೊನೆಯಿರುವ ಬ್ಲಾಕ್ ಮೇಲೆ ಇರಲಿ, ಅದರ ಉಲ್ಟಾ ಮೈ ನಿಮ್ಮ ಕಣ್ಣಿಗೆ ಕಾಣಬೇಕು. ಅಲ್ಲಿ ಎರಡು ಓರೆ ಹೊಲಿಗೆಗಳು ಒಂದನ್ನೊಂದು ದಾಟಿ ಗುಣಾಕಾರ ಚಿಹ್ನೆಯಂತೆ, × ಆಕಾರದಲ್ಲಿ ಕೂಡುತ್ತವೆ. ಆ ಕೂಡುವ ಚುಕ್ಕೆಯೇ ಮೊನೆ.

ನಿಮ್ಮ ಹೊಲಿಗೆ ಆ ಚುಕ್ಕೆಯ ಮೇಲೆಯೇ ಹೋಗಬೇಕು. ಇಲ್ಲವೇ ಒಂದೆಳೆಯಷ್ಟು ಅಂಚಿನ ಕಡೆಗೆ. ಚುಕ್ಕೆಗಿಂತ ಒಳಗೆ ಹೋದರೆ ಮೊನೆ ಮುರಿಯಿತು ಅಂತಲೇ. ಚುಕ್ಕೆ ಕಾಲಿಂಚಿನ ಗೆರೆಗೆ ಸರಿಯಾಗಿ ಸಿಗದಿದ್ದರೆ ಏನು ಮಾಡುವುದು ಅಂತ ಕೇಳುತ್ತಾರೆ. ಚುಕ್ಕೆಯನ್ನು ನಂಬಿ. ಅದರ ಹತ್ತಿರ ಬರುವಾಗ ಹೊಲಿಗೆಯನ್ನು ನಿಧಾನವಾಗಿ ಅದರ ಕಡೆಗೆ ಒಲಿಸಿ, ದಾಟಿದ ಮೇಲೆ ಮತ್ತೆ ಕಾಲಿಂಚಿಗೆ ಬನ್ನಿ. ಇಷ್ಟು ಸಣ್ಣ ಸೊಟ್ಟ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಪಿನ್ ಮೇಲೆ ಮೆಷಿನ್ ಓಡಿಸಬೇಡಿ. ಸೂಜಿ ಮುರಿದು ಹಾರಿದರೆ ಕಣ್ಣಿಗೆ ಅಪಾಯ.

ಮೊನೆಯ ಕಡೆ ಬಟ್ಟೆಯ ಪದರ ಜಾಸ್ತಿ ಇರುತ್ತದೆ. ಹಾಗಾಗಿ ಮಾರ್ಜಿನ್ ಅನ್ನು ಮೊನೆಯಿಂದ ಆಚೆಗೆ, ಮೇಲಿನ ಹೆಬ್ಬಾತಿನ ಬುಡದ ಕಡೆಗೆ ಒತ್ತಿ. ಮೊನೆ ಚೂಪಾಗಿ ಎದ್ದು ನಿಲ್ಲುತ್ತದೆ. 8 ಸೇರಿದಾಗ ಸಾಲು 4½ × 16½ ಇಂಚು ಬರಬೇಕು.

ನಾಲ್ಕು ಸಾಲುಗಳನ್ನು ಪಕ್ಕಪಕ್ಕ ಸೇರಿಸುವಾಗ ಒಂದು ಉಪಾಯ ಇದೆ. ಒಂದು ಸಾಲಿನ ಹೆಬ್ಬಾತು ಮೇಲಕ್ಕೆ, ಮುಂದಿನ ಸಾಲಿನದು ಕೆಳಕ್ಕೆ ಹಾರಲಿ. ಆಗ ಒಂದರ ಮಾರ್ಜಿನ್ ಮೇಲಕ್ಕೆ, ಪಕ್ಕದ್ದರದು ಕೆಳಕ್ಕೆ ಒತ್ತಿರುತ್ತದೆ. ಎರಡು ಉಬ್ಬುಗಳು ಒಂದಕ್ಕೊಂದು ಕೊಂಡಿ ಹಾಕಿದಂತೆ ಕೂರುತ್ತವೆ, ಹೊಲಿಗೆಗೆ ಹೊಲಿಗೆ ತಾನಾಗಿಯೇ ಕೂಡುತ್ತದೆ. ಎಲ್ಲ ಹಕ್ಕಿಗಳೂ ಒಂದೇ ಕಡೆ ಹಾರಬೇಕು ಅಂದರೆ ಪ್ರತಿ ಕೂಡಿಕೆಗೂ ಪಿನ್ ಹಾಕುವ ತಾಳ್ಮೆ ಬೇಕು.

ಬೇರೆ ವಿಧಾನ ಯಾವಾಗ?

ಮೂಲೆ ಮಗುಚುವ ವಿಧಾನ: ಒಂದೊಂದು ಹೆಬ್ಬಾತೂ ಬೇರೆ ಬೇರೆ ಬಟ್ಟೆಯದ್ದಾಗಬೇಕು, ಅಥವಾ ಹೂವು, ಆನೆ ಇರುವ ಪ್ರಿಂಟ್ ತಲೆಕೆಳಗಾಗಬಾರದು ಅಂದಾಗ ಇದು ಒಳ್ಳೆಯದು. ನಾಲ್ಕು ಬರುವ ವಿಧಾನದಲ್ಲಿ ಪ್ರಿಂಟ್ ನಾಲ್ಕು ದಿಕ್ಕಿಗೆ ತಿರುಗುತ್ತದೆ. ಮೂಲೆ ಮಗುಚುವ ವಿಧಾನಕ್ಕೆ 2½ × 4½ರ ಒಂದು ಆಯತ, 2½ರ ಎರಡು ಚೌಕ. ಚೌಕದ ಉಲ್ಟಾ ಮೈಯಲ್ಲಿ ಓರೆ ಗೆರೆ ಎಳೆದು, ಆಯತದ ಒಂದು ತುದಿಯಲ್ಲಿ ಸೀದಾಕ್ಕೆ ಸೀದಾ ಇಟ್ಟು, ಗೆರೆಯ ಹೊರಬದಿಗೆ, ಅಂದರೆ ಕತ್ತರಿಸಿ ಹೋಗುವ ಮೂಲೆಯ ಕಡೆಗೆ, ಒಂದೆಳೆ ಬಿಟ್ಟು ಹೊಲಿಯಿರಿ. ಮೊದಲು ಮಗುಚಿ ನೋಡಿ. ಚೌಕದ ಮೂಲೆ ಆಯತದ ಮೂಲೆಗೆ ಸರಿಯಾಗಿ ಬಂತಾ? ಬಂದರೆ ಮಾತ್ರ ಒಳಗಿನದನ್ನು ಕಾಲಿಂಚು ಬಿಟ್ಟು ಕತ್ತರಿಸಿ. ಆಮೇಲೆ ಇನ್ನೊಂದು ತುದಿ. ಮೊದಲೇ ಕತ್ತರಿಸಿದವರಿಗೆ ಬಿಚ್ಚಿ ಹೊಲಿಯಲು ಏನೂ ಉಳಿಯುವುದಿಲ್ಲ. ಇದರಲ್ಲಿ ಪ್ರತಿ ಮೂಲೆಯಿಂದಲೂ ಎರಡು ತ್ರಿಕೋನ ಬಟ್ಟೆ ವ್ಯರ್ಥ. ಕತ್ತರಿಸುವ ಮುಂಚೆ ಅರ್ಧ ಇಂಚು ಆಚೆ ಇನ್ನೊಂದು ಹೊಲಿಗೆ ಹಾಕಿ, ಎರಡರ ನಡುವೆ ಕತ್ತರಿಸಿದರೆ ಆ ಚೂರುಗಳು ಎರಡು ಬಣ್ಣದ ಪುಟ್ಟ ಚೌಕಗಳಾಗುತ್ತವೆ. ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬಿ ತುಂಬ ಇವೆ.

ಕಾಗದದ ಮೇಲೆ ಹೊಲಿಯುವುದು: ಎತ್ತರ 1 ಇಂಚಿಗಿಂತ ಚಿಕ್ಕದಾದರೆ ಇದೇ ಸರಿ. ತೆಳು ಬಿಳಿ ಕಾಗದದಲ್ಲಿ ಚಿತ್ರ ಬರೆದು, ಬಟ್ಟೆಯನ್ನು ಹಿಂದೆ ಇಟ್ಟು, ಗೆರೆಯ ಮೇಲೆ ಹೊಲಿಯುವುದು. ಹೊಲಿಗೆಯ ಉದ್ದ 1.5 ಮಿಲಿಮೀಟರ್‌ಗೆ ಇಳಿಸಿ, ಆಗ ಕಾಗದ ಸುಲಭವಾಗಿ ಹರಿದು ಬರುತ್ತದೆ. ನ್ಯೂಸ್‌ಪೇಪರ್ ಬಳಸಬೇಡಿ, ಇಸ್ತ್ರಿ ಬಿಸಿಗೆ ಅದರ ಶಾಯಿ ಬಟ್ಟೆಗೆ ಹತ್ತುತ್ತದೆ.

ಕೈಹೊಲಿಗೆ: ಮೆಷಿನ್ ಇಲ್ಲದವರು, ಕೌದಿ ಕೈ ಪಳಗಿದವರು ತ್ರಿಕೋನ ಕತ್ತರಿಸಿಯೇ ಹೊಲಿಯಬಹುದು. 5¼ರ ಚೌಕವನ್ನು ಎರಡೂ ಕರ್ಣಕ್ಕೆ ಕತ್ತರಿಸಿದರೆ 4 ಹೆಬ್ಬಾತು, 2⅞ರ ಚೌಕವನ್ನು ಒಂದು ಕರ್ಣಕ್ಕೆ ಕತ್ತರಿಸಿದರೆ 2 ಆಕಾಶ. ಹೆಬ್ಬಾತನ್ನು ಚೌಕ ಅರ್ಧ ಮಾಡಿ ಕತ್ತರಿಸಬೇಡಿ. ಆಕಾರ ಅದೇ ಬರುತ್ತದೆ, ಆದರೆ ಉದ್ದದ ಬುಡ ಕ್ರಾಸ್ ಮೇಲೆ ಬಂದು, ಸಾಲು ಅಲೆಯಲೆಯಾಗುತ್ತದೆ. ಹೊಲಿಗೆ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಅದರ ಮೇಲೆಯೇ ಓಡುಹೊಲಿಗೆ ಹಾಕಿ, ನಾಲ್ಕೈದು ಹೊಲಿಗೆಗೊಮ್ಮೆ ಹಿಂದಕ್ಕೊಂದು ಹೊಲಿಗೆ. ಕೈಹೊಲಿಗೆಯಲ್ಲಿ ಮೊನೆ ಮುರಿಯುವುದು ಅಪರೂಪ. ಸೂಜಿ ಎಲ್ಲಿ ಹೋಗುತ್ತಿದೆ ಅಂತ ಪ್ರತಿ ಸಲವೂ ಕಣ್ಣಿಗೆ ಕಾಣುತ್ತಿರುತ್ತದಲ್ಲ.

ಆದರೂ ತಪ್ಪಾದರೆ

ಮೊನೆ ಮುರಿದಿದೆ, ಆದರೆ ಬಿಡಿ ಬ್ಲಾಕಿನಲ್ಲಿ ಕಾಲಿಂಚು ಇತ್ತು: ತಪ್ಪು ಹಂತ 7ರದ್ದು. ಆ ಹೊಲಿಗೆಯ ನಡುವಿನ ಎರಡು ಇಂಚು ಮಾತ್ರ ಬಿಚ್ಚಿ, ಚುಕ್ಕೆಯ ಮೇಲೆ ಮತ್ತೆ ಹೊಲಿಯಿರಿ. ಪೂರ್ತಿ ಬಿಚ್ಚಬೇಕಿಲ್ಲ.

ಮೊನೆ ಹೊಲಿಗೆಗೆ ತಾಗದೆ ಕೆಳಗೇ ತೇಲುತ್ತಿದೆ: ಹೊಲಿಗೆ ತೆಳುವಾಗಿದೆ, ಅಥವಾ ಮೇಲೆ ಕಾಲಿಂಚಿಗಿಂತ ಜಾಸ್ತಿ ಉಳಿದಿದೆ. ಈಗಿನ ಹೊಲಿಗೆ ಬಿಚ್ಚದೆ ಅದರ ಒಳಗೇ ಚುಕ್ಕೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿ. ಸಾಲು ಕೂದಲೆಳೆಯಷ್ಟು ಗಿಡ್ಡವಾಗುತ್ತದೆ, ಪರವಾಗಿಲ್ಲ.

ಬ್ಲಾಕ್ ಬಾಗಿದೆ: ಇಸ್ತ್ರಿ ಉಜ್ಜಿದ್ದೀರಿ. ನೀರು ಚಿಮುಕಿಸಿ, ಕೈಯಿಂದ ನೇರ ಆಯತಕ್ಕೆ ತಂದು, ಪೆಟ್ಟಿಗೆ ಇಟ್ಟು ಒತ್ತಿ ಆರಲು ಬಿಡಿ. ಆರಿದ ಮೇಲೆ ಅಳೆಯಿರಿ.

ಎರಡು ಬಟ್ಟೆಯ ಬಣ್ಣ ಒಂದರಲ್ಲೊಂದು ಕರಗಿ ಹಕ್ಕಿಯೇ ಕಾಣುತ್ತಿಲ್ಲ: ಹೊಲಿದಾದ ಮೇಲೆ ಇದಕ್ಕೆ ಮದ್ದಿಲ್ಲ. ಮುಂದಿನ ಸಲ ಕತ್ತರಿಸುವ ಮುಂಚೆ ಎರಡೂ ಬಟ್ಟೆಯನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ಎರಡೂ ಒಂದೇ ಬೂದು ಬಣ್ಣ ಕಂಡರೆ ಒಂದನ್ನು ಬದಲಾಯಿಸಿ.